ಕುಮಾರ ಪರ್ವತ: ಎರಡನೆಯ ಸಲ ಹತ್ತಿದ್ದು

ಕುಮಾರ ಪರ್ವತದ ಎತ್ತರ 1712 ಮೀಟರ್. ಮುಳ್ಳಯ್ಯನಗಿರಿ ಅದಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಎತ್ತರವಿದ್ದರೂ ನೆತ್ತಿಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಇಲ್ಲಿ ಹಾಗಲ್ಲ. ನಾನು ಹತ್ತಲು ಶುರುಮಾಡಿದ ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲಿರುವ ಊರು. ಉಳಿದದ್ದನ್ನೆಲ್ಲ ಕಾಲೇ ಹತ್ತಬೇಕು. ಈ ಲೆಕ್ಕ ಹಾಕದೆ ಮೊದಲ ಸಲ ಒಂದೂವರೆ ಲೀಟರ್ ನೀರು ಹಿಡಿದು ಎಂಟು ಗಂಟೆಗೆ ಹೊರಟಿದ್ದೆ. ಶಿಖರಕ್ಕಿಂತ ಮೊದಲು ಸಿಗುವ ಶೇಷಪರ್ವತವನ್ನು ತಲುಪುವ ಮೊದಲೇ ಬಾಟಲಿ ಖಾಲಿಯಾಯಿತು. ಶಿಖರ ಎದುರಿಗೇ ಕಾಣುತ್ತಿದ್ದರೂ ಹಿಂದಿರುಗಿದೆ.

ಎರಡನೆಯ ಸಲ ಡಿಸೆಂಬರಿನಲ್ಲಿ, ಬೆಳಗಿನ ಆರಕ್ಕೇ ಹೊರಟೆ. ಭೀಮನ ಬಂಡೆ ದಾಟಿ ಗಿರಿಗದ್ದೆಯ ಭಟ್ಟರ ಮನೆಯವರೆಗೆ ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ನೆರಳಿರುವುದರಿಂದ ಬಾಯಾರಿಕೆ ತಿಳಿಯುವುದಿಲ್ಲ. ಮೋಸ ಹೋಗುವುದು ಇಲ್ಲಿಯೇ. ಭಟ್ಟರ ಮನೆಯಲ್ಲಿ ಎರಡು ಲೋಟ ಮಜ್ಜಿಗೆ ಕುಡಿದು, ನಾಲ್ಕು ಲೀಟರ್ ನೀರು ತುಂಬಿಸಿಕೊಂಡೆ. ಅಲ್ಲಿಂದ ಕಲ್ಲುಮಂಟಪ, ಅದರಾಚೆ ಶೇಷಪರ್ವತದವರೆಗೆ ಬರೀ ಹುಲ್ಲುಗಾವಲು. ಬಿಸಿಲಿಗೆ ಮರೆ ಎಂಬುದೇ ಇಲ್ಲ.

ಶೇಷಪರ್ವತದ ಬೆನ್ನಿನಿಂದ ದಾರಿ ಕೆಳಗಿಳಿದು ಶೋಲಾ ಕಾಡನ್ನು, ಅಂದರೆ ಹುಲ್ಲುಬೆಟ್ಟಗಳ ನಡುವಿನ ಮಡಿಕೆಯಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡನ್ನು, ಹೊಗುತ್ತದೆ. ಹತ್ತಿದ್ದನ್ನೆಲ್ಲ ಇಳಿಯುತ್ತಿದ್ದೇನಲ್ಲ ಎಂದು ಆಗ ಸಂಕಟವಾಗುತ್ತದೆ. ಕಾಡಿನ ಕೊನೆಯಲ್ಲಿ ಓರೆಯಾದ ಒಂದು ಬಂಡೆ, ಅದರ ಮೇಲೆ ಸದಾ ಜಿನುಗುವ ನೀರು. ಹಸಿರುಗಪ್ಪು ಪಾಚಿಯನ್ನು ಬಿಟ್ಟು, ತಿಳಿಬಣ್ಣದ ಒರಟು ಕಲ್ಲಿನ ಮೇಲೆ ಮಾತ್ರ ಕಾಲಿಟ್ಟೆ. ಬಿರುಕಿನಲ್ಲಿ ಬೆರಳು ತೂರಿಸಿ, ಎದೆಯನ್ನು ಬಂಡೆಗೆ ತಾಗಿಸಿ ಮೇಲೇರಿದೆ. ಅಂಗಿಯೆಲ್ಲ ಒದ್ದೆಯಾಯಿತು. ಮಳೆಗಾಲದಲ್ಲಿ ಇಲ್ಲಿಗೆ ಯಾರೂ ಬರಬಾರದು.

ಹನ್ನೆರಡಕ್ಕೆ ತುದಿಯಲ್ಲಿದ್ದೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಶಕ್ತ್ಯಾಯುಧವನ್ನು ತೊಳೆದ ಹೊಳೆ ಕುಮಾರಧಾರಾ ಎಂಬುದು ಸ್ಥಳಪುರಾಣ. ಆ ಹೊಳೆ ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ಆರು ಮುಖದ ಕುಮಾರಲಿಂಗಗಳು ಸಿಗುವುದೂ ಇಲ್ಲಿನ ನೀರಿನಲ್ಲಿ. ವರ್ಷಕ್ಕೊಮ್ಮೆ ದೇವಸ್ಥಾನದವರು ಹತ್ತಿ ಬಂದು ಶಿಖರದಲ್ಲಿ ಪಾದಪೂಜೆ ಮಾಡುತ್ತಾರೆ. ಶೂ ಕಳಚಿ ಅಲ್ಲಿ ಕೂತಾಗ, ಅದನ್ನು ಹಾಕಿಕೊಂಡೇ ಏದುಸಿರು ಬಿಟ್ಟ ನನಗೆ ಬರಿಗಾಲಿನಲ್ಲಿ ಹತ್ತುವ ಅವರ ಮೇಲೆ ದೊಡ್ಡ ಗೌರವ ಮೂಡಿತು.

ಇದು ಪುಷ್ಪಗಿರಿ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ. ಹತ್ತುವುದು ದೂರವೆನಿಸಿದರೆ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ದಾರಿ ಕಡಿಮೆ. ನಾನು ಕುಕ್ಕೆಗೇ ಇಳಿದೆ. ಇಳಿಜಾರಿನಲ್ಲಿ ಮಂಡಿ ನಡುಗುತ್ತಿತ್ತು. ಕಾಡಿನಲ್ಲಿ ಸಿಕ್ಕ ಒಣಕೋಲನ್ನು ಊರಿಕೊಂಡು ಬಂದೆ, ಕುಮಾರಧಾರಾ ಸ್ನಾನಘಟ್ಟದಲ್ಲಿ ಕಾಲು ಇಳಿಬಿಟ್ಟಾಗ ಐದೂವರೆ.