ದಾಸವಾಳಕ್ಕೆ ಬುಡದಿಂದ ಕತ್ತರಿ

ಹೊಸನಗರದ ಕಡೆ ನಮ್ಮ ಮನೆ. ಹಿತ್ತಲಿನ ದಾಸವಾಳ ಮಾಡಿನ ಎತ್ತರ ದಾಟಿ ಬೆಳೆದಿತ್ತು. ಹೂವೆಲ್ಲ ತುದಿಯಲ್ಲಿ, ಪೂಜೆಗೆ ಕೊಯ್ಯಲು ಕೊಕ್ಕೆ ಬೇಕು. ಒಳಗೆ ಕೈ ಹಾಕಿದರೆ ಒಣ ಕಡ್ಡಿ, ಹಾವಸೆ, ಚಗಳಿ ಇರುವೆಯ ಗೂಡು. ಮಳೆಗಾಲದಲ್ಲಿ ಬುಡದ ಹತ್ತಿರ ನಿಂತರೆ ಇಂಬಳ ಗ್ಯಾರಂಟಿ.

ಇದಕ್ಕೆ ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ. ಕತ್ತಿ ಹಿಡಿದು ಎದೆಮಟ್ಟಕ್ಕೆ ಚಕಚಕ ಸವರಿಬಿಡುವುದು. ನೋಡಲು ಚಂದವೇ. ಆದರೆ ಸವರಿದ ಜಾಗದಲ್ಲಿ ಚಿಗುರು ಗುಂಪುಗುಂಪಾಗಿ ಒಡೆದು, ಗಿಡದ ಮೇಲೆ ಕೊಡೆ ಬಿಚ್ಚಿದ ಹಾಗಾಗುತ್ತದೆ. ಒಳಗೆ ಬಿಸಿಲಿಲ್ಲ, ಗಾಳಿಯಿಲ್ಲ. ನಮ್ಮ ಮಳೆಗೆ ರೆಂಬೆಗಳು ಒಣಗುವುದೇ ಇಲ್ಲ. ಶಿಲೀಂಧ್ರಕ್ಕೆ ಇನ್ನೇನು ಬೇಕು? ಅದಕ್ಕೇ ನಾನು ತಲೆ ಬಿಟ್ಟು ಬುಡ ಹಿಡಿದೆ.

ಆರಿದ್ರಾ ಮಳೆಯಲ್ಲಿ ಕಡ್ಡಿ ಊರುವ ರೂಢಿ ಇದೆಯಲ್ಲ, ಹಾಗಾಗಿ ಹೆಚ್ಚಿನವರು ಗಿಡ ಕಡಿಯುವುದೂ ಆಗಲೇ. ಕಡ್ಡಿ ಊರಲು ಅದು ಒಳ್ಳೆಯ ಕಾಲ. ದಪ್ಪ ರೆಂಬೆಯ ಗಾಯಕ್ಕೆ ಅಲ್ಲ, ನೀರಿಳಿದು ಕೊಳೆಯುತ್ತದೆ. ನಾನು ಹಿಂಗಾರು ನಿಂತ ಮೇಲೆ ಕತ್ತರಿ ಹಿಡಿಯುತ್ತೇನೆ. ಗಾಯ ಬೇಗ ಒಣಗುತ್ತದೆ, ನೆಲದಲ್ಲಿ ಇನ್ನೂ ತೇವ ಇರುತ್ತದೆ. ಬೇಸಿಗೆಗೆ ಪಿಕಳಾರಗಳು ಗೂಡು ಕಟ್ಟುವ ಮೊದಲೇ ಕೆಲಸ ಮುಗಿಯುತ್ತದೆ.

ಮೊದಲು ಒಣಗಿದ್ದು, ರೋಗ ಬಂದದ್ದು, ಒಂದಕ್ಕೊಂದು ಉಜ್ಜಿಕೊಳ್ಳುವ ರೆಂಬೆ ತೆಗೆದೆ. ಆಮೇಲೆ ಹಳೆಯ ದಪ್ಪ ಕಾಂಡಗಳಲ್ಲಿ ಮೂರರಲ್ಲೊಂದು ಭಾಗವನ್ನು ಮಾತ್ರ ನೆಲಮಟ್ಟಕ್ಕೆ ಕತ್ತರಿಸಿದೆ. ಉಳಿದದ್ದು ಮುಂದಿನ ಎರಡು ವರ್ಷಕ್ಕೆ. ಗಿಡಕ್ಕೂ ಹಿತ, ಅಮ್ಮನಿಗೂ ಸಮಾಧಾನ. ಒಂದೇ ಸಲ ಬೋಳಿಸಿದ್ದರೆ ದೇವರಿಗೆ ಹೂವೆಲ್ಲಿ? ಬೆರಳು ದಪ್ಪದ್ದಕ್ಕೆ ಸಿಕೇಚರ್ (ಗಿಡ ಸವರುವ ಕೈಕತ್ತರಿ), ಅದಕ್ಕಿಂತ ದಪ್ಪದ್ದಕ್ಕೆ ಗರಗಸ. ಭಾರದ ರೆಂಬೆಗೆ ಅಡಿಯಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಬೀಳುವಾಗ ಸಿಪ್ಪೆ ಉದ್ದಕ್ಕೆ ಸೀಳಿಬಿಡುತ್ತದೆ. ಉಳಿಸಿದ ರೆಂಬೆಯ ತುದಿಯನ್ನು ಹೊರಮುಖದ ಚಿಗುರುಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿದೆ. ಚಿಗುರು ಹೊರಗೆ ಹೋಗುತ್ತದೆ, ನಡು ಖಾಲಿ ಇರುತ್ತದೆ.

ಚಗಳಿ ಗೂಡಿದ್ದ ಕಡೆ ಹಿಟ್ಟು ತಿಗಣೆಯೂ ಇತ್ತು. ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ. ಆ ತುದಿಗಳನ್ನು ಬೇರೆ ಮಾಡಿ ಸುಟ್ಟೆ. ಗೂಡು ಮಾತ್ರ ಚಟ್ನಿಗೆ ಹೋಯಿತು, ಅದು ಬೇರೆ ಕಥೆ.

ಪಕ್ಕದ ನಂದಿಬಟ್ಟಲಿಗೆ ಬಂದಳಿಕೆ ಹಿಡಿದಿತ್ತು. ಅದರ ಅಂಟು ಬೀಜವನ್ನು ಹಕ್ಕಿಗಳು ರೆಂಬೆಗೆ ಒರೆಸಿ ಹೋಗುತ್ತವೆ. ಬಂದಳಿಕೆಯನ್ನು ಮಾತ್ರ ಕಿತ್ತರೆ ಸುಮ್ನೆ ಶ್ರಮ. ಬೇರು ರೆಂಬೆಯ ಒಳಗೇ ಇಳಿದಿರುತ್ತದೆ, ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗದಿಂದ ಒಂದು ಗೇಣು ಕೆಳಗೆ ರೆಂಬೆಯನ್ನೇ ತೆಗೆದೆ.

ದೊಡ್ಡ ಗಾಯಗಳಿಗೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು. ಅಡಿಕೆಗೆಂದು ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಮಲೆನಾಡಿನ ಯಾವ ಮನೆಯಲ್ಲಿ ಇರುವುದಿಲ್ಲ? 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿಗೆ. ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಪ್ಲಾಸ್ಟಿಕ್ ಬಕೆಟ್ ಆಗಬೇಕು, ಕಬ್ಬಿಣದ್ದು ಬೇಡ. ಚಾಕು ಅದ್ದಿದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ.

ಎಲ್ಲ ಗಿಡಕ್ಕೂ ಇದೇ ಲೆಕ್ಕ ನಡೆಯುವುದಿಲ್ಲ. ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯ ಹೊತ್ತಿಗೆ ನೆಲದಿಂದ ಒಂದೂವರೆ ಅಡಿಗೆ ಇಳಿಸಿದರೂ ತಡೆಯುತ್ತದೆ, ಹೊಸ ಚಿಗುರಲ್ಲೇ ಮೊಗ್ಗು ಬರುವುದು. ಹೈಡ್ರಾಂಜಿಯ ಉಲ್ಟಾ. ಹಳೆಯ ಕಡ್ಡಿಯಲ್ಲಿ ಮೊಗ್ಗು ಕಟ್ಟುವ ಗಿಡ ಅದು, ಹೂ ಮುಗಿದ ಕೂಡಲೇ ಸವರಬೇಕು. ಚಳಿಗಾಲಕ್ಕೆ ಕೈ ಹಾಕಿದರೆ ಆ ವರ್ಷ ಬರೀ ಎಲೆ.

ದಾಸವಾಳದ ಸೊಪ್ಪು ಬುಡಕ್ಕೇ ಮುಚ್ಚಿಗೆಯಾಯಿತು. ಜೊತೆಗೇ ಸವರಿದ್ದ ಕಣಗಿಲೆಯದ್ದನ್ನು ಮಾತ್ರ ದನಕ್ಕೆ ಸಿಗದ ಹಾಗೆ ಗುಂಡಿ ತೆಗೆದು ಹೂಳಿದೆ. ಎಲೆ, ಕಡ್ಡಿ ಎಲ್ಲ ವಿಷ. ಬಚ್ಚಲ ಒಲೆಗೂ ಹಾಕಬಾರದು, ಹೊಗೆಯೂ ಕೆಟ್ಟದ್ದು.

ಬುಡಕ್ಕೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಟ್ಟೆ. ಚಿಗುರು ಅಗತ್ಯಕ್ಕಿಂತ ಜಾಸ್ತಿಯೇ ಬಂತು. ಒಳಮುಖದವನ್ನು ಎಳೆಯವಿರುವಾಗಲೇ ಉಗುರಲ್ಲಿ ಚಿವುಟುತ್ತಾ ಬಂದೆ. ಈಗ ಹೂ ಕೈಗೇ ಸಿಗುತ್ತದೆ.