ಬಾಗಿನದ ಪ್ರಶ್ನೆ

ಜಿಲ್ಲಾ ಕೋರ್ಟಿನಲ್ಲಿ ಹೆಣ್ಣು ವಕೀಲರನ್ನು ಹುಡುಕಿಕೊಂಡು ಬರುವುದು ಜೀವನಾಂಶ, ವಿಚ್ಛೇದನ, ವರದಕ್ಷಿಣೆ. ದಲಿತ ವಕೀಲರಿಗೆ ದೌರ್ಜನ್ಯ ಕೇಸು, ಪಿಟಿಸಿಎಲ್ ಜಮೀನು, ಅಂದರೆ ಪರಿಶಿಷ್ಟರಿಗೆ ಮಂಜೂರಾಗಿ ಪರರ ಕೈಸೇರಿದ ಜಮೀನಿನ ಕೇಸು. ನಾನು ಎರಡೂ ಆದ್ದರಿಂದ ಇಷ್ಟೂ ಬಂದವು. ಆ ಕೇಸುಗಳ ಬಗ್ಗೆ ತಕರಾರಿಲ್ಲ, ಬೇರೆಯವು ಬರುತ್ತಿರಲಿಲ್ಲ ಎಂಬುದೇ ತಕರಾರು. ಆಸ್ತಿ ಕಾಗದ ಹಿಡಿದು ಬಂದವರು "ಮೇಡಂ, ಸೀನಿಯರ್ ಇಲ್ವಾ?" ಅನ್ನೋರು. ಆಮೇಲೆ ದನಿ ತಗ್ಗಿಸಿ, "ತಮ್ಮದು ಯಾವೂರಾಯ್ತು, ಯಾವ ಪೈಕಿ?"

ಸಿವಿಲ್ ಕಡೆಗೆ ನಾನು ನುಗ್ಗಿದ್ದು ಹೆಣ್ಣುಮಕ್ಕಳ ಪಾಲು ದಾವೆಗಳಿಂದ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆ ಎಂಬ ಗೊಂದಲ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನಿಂದ ಬಗೆಹರಿಯಿತು: ಬದುಕಿರಬೇಕಿಲ್ಲ. ಅಣ್ಣತಮ್ಮಂದಿರ ಮೇಲೆ ದಾವೆ ಹೂಡಲು ಬಂದವಳು ಗಂಡಸು ವಕೀಲರಿಗೆ ಹೇಳದ್ದನ್ನು ನನಗೆ ಹೇಳುತ್ತಿದ್ದಳು: ಹಬ್ಬಕ್ಕೆಂದು ಕರೆಸಿ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು.

ಪಹಣಿ, ಮ್ಯುಟೇಶನ್ ಕಾಗದಗಳನ್ನು ಗುಮಾಸ್ತರಿಗೆ ಬಿಡದೆ ನಾನೇ ಸಾಲುಸಾಲು ಓದುತ್ತಿದ್ದೆ. ಒಂದು ದಾವೆಯಲ್ಲಿ ಪ್ರತಿವಾದಿ ಹಾಜರುಪಡಿಸಿದ ವಂಶವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳಷ್ಟೇ. ಪಾಟೀಸವಾಲಿನಲ್ಲಿ ಕೇಳಿದೆ:

"ಗೌರಿ ಹಬ್ಬಕ್ಕೆ ಬಾಗಿನ ಯಾರಿಗೆ ಕೊಡ್ತೀರಿ?"

"ನಮ್ಮಕ್ಕನಿಗೆ."

"ಆಕೆ ತಂದೆ ಹೆಸರು?"

ಎದುರು ವಕೀಲರು ಆಕ್ಷೇಪಣೆ ಎಂದು ಎದ್ದರು. ಅಷ್ಟರಲ್ಲಿ ಸಾಕ್ಷಿ ತನ್ನಪ್ಪನ ಹೆಸರು ಹೇಳಿಬಿಟ್ಟಿದ್ದ, ಅದು ಟೈಪೂ ಆಗಿತ್ತು.

ಮುಂದಿನ ವಾಯಿದೆಗೆ ಅದೇ ಊರಿನ ಮತ್ತೊಂದು ಮನೆಯವರು ವಕಾಲತ್ತು ಹಿಡಿದು ಬಂದರು. ಯಾವ ಪೈಕಿ ಎಂದು ಕೇಳಲಿಲ್ಲ. ಗೊತ್ತಿತ್ತೇನೋ, ಗೆದ್ದುಕೊಡುವವರ ಜಾತಿ ಜನಕ್ಕೆ ಬೇಗ ಮರೆಯುತ್ತದೆ.

2025ರಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಸುಪ್ರೀಂ ಕೋರ್ಟು ಮಹಿಳೆಯರಿಗೆ ಮೀಸಲಿಟ್ಟಿತು. ಸಂತೋಷವೇ. ಕಕ್ಷಿದಾರರನ್ನು ಮಾತ್ರ ಯಾವ ಕೋರ್ಟೂ ಮೀಸಲಿಡಲಾರದು. ನನ್ನನ್ನು ಹೆಚ್ಚು ಕಾಡುವುದು ಅದೇ ವರ್ಷದ ಇನ್ನೊಂದು ತೀರ್ಪು: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿ ಮಾಡಿರಬೇಕು. ಅನುಭವ ಬೇಕು, ಒಪ್ಪಿದೆ. ಆದರೆ ಸೀನಿಯರ್ ಕೈಯಿಂದ ಬಸ್ ಚಾರ್ಜೂ ಹುಟ್ಟದ ಆ ಮೂರು ವರ್ಷ ನಮ್ಮ ಕೇರಿಯ ಹುಡುಗಿ ಏನು ತಿನ್ನಬೇಕು? ಪರಿಶಿಷ್ಟರಿಗೆ ಸಮಾಜ ಕಲ್ಯಾಣ ಇಲಾಖೆಯ ಶಿಷ್ಯವೇತನವಿದೆ. ನನ್ನ ಜೂನಿಯರ್‌ಗೆ ಮೊದಲು ಆ ಅರ್ಜಿ ಹಾಕಿಸುತ್ತೇನೆ. ಆಫೀಸಿನಿಂದ ತಿಂಗಳ ಸಂಬಳ ಬೇರೆ. ವಾಯಿದೆ ಕೇಳುವುದಕ್ಕಷ್ಟೇ ಅವಳನ್ನು ಓಡಿಸುವುದಿಲ್ಲ. ಸಣ್ಣ ದಾವೆಗಳ ಪಾಟೀಸವಾಲು ಮೊದಲ ವರ್ಷದಿಂದಲೇ ಅವಳದು.