ಎಸ್‌ಡಿಎಂಸಿಗೆ ನಿಲ್ಲುವುದು ಹೇಗೆ?

ಮಗಳು ಬೆಳಿಗ್ಗೆ ಒಯ್ದ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ವಾಪಸ್ ಬರುತ್ತಿತ್ತು. ಎರಡು ವಾರ ಗದರಿದೆ. ಕೊನೆಗೆ ಅವಳೇ ಬಾಯಿಬಿಟ್ಟಳು: ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ, ನೀರು ಕುಡಿದರೆ ಅಲ್ಲಿಗೆ ಹೋಗಬೇಕಾಗುತ್ತದೆ, ಅದಕ್ಕೇ ಕುಡಿಯುವುದಿಲ್ಲ. ಈ ಮಾತನ್ನು ಯಾರ ಮುಂದೆ ಆಡಬೇಕು ಎಂದು ವಿಚಾರಿಸುತ್ತ ಹೋದಾಗಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಏನೆಂದು ನನಗೆ ಗೊತ್ತಾದದ್ದು. ಮಗು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ ನೀವೂ ಅದರಲ್ಲಿ ಸ್ಥಾನ ಕೇಳಬಹುದು.

ಮೊದಲು ನಿಯಮ

ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದಲೇ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಅವಕ್ಕೆ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಅಧ್ಯಕ್ಷರು ಪೋಷಕರಲ್ಲೊಬ್ಬರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಅನುದಾನಿತ ಶಾಲೆಗಳಲ್ಲಿ ಸಮಿತಿಯದು ಸಲಹೆಯ ಪಾತ್ರ ಮಾತ್ರ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ.

ಈಗಿನ ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ, ಹೊಸ ಸಮಿತಿ ರಚಿಸುವ ಪೋಷಕರ ಸಭೆ ಯಾವಾಗ, ನೀವು ಯಾವ ಸ್ಥಾನಕ್ಕೆ ಅರ್ಹರು ಎಂಬ ಮೂರನ್ನು ಮುಖ್ಯ ಶಿಕ್ಷಕರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಶಾಲೆಯನ್ನು ಕಣ್ಣಾರೆ ನೋಡಿ

ಮುಖ್ಯ ಶಿಕ್ಷಕರಿಗೆ ತಿಳಿಸಿ, ಬಿಸಿಯೂಟದ ಹೊತ್ತಿಗೆ ಒಂದು ದಿನ ಹೋಗಿ. ಕೈತೊಳೆಯಲು ಎಷ್ಟು ನಲ್ಲಿಗಳಿವೆ, ಅವುಗಳಲ್ಲಿ ನೀರು ಬರುವುದು ಎಷ್ಟರಲ್ಲಿ, ಸಾಲಿನ ಕೊನೆಯ ಮಗುವಿಗೆ ಸಾರು ಸಿಗುವಾಗ ತರಕಾರಿ ಉಳಿದಿದೆಯೇ ನೋಡಿ. ಶಾಲೆಯಲ್ಲಿ ಏನೇನಿರಬೇಕು ಎಂದು ಹೇಳುವ ಕಾಯ್ದೆಯ ಅನುಸೂಚಿ (ಕೊನೆಯಲ್ಲಿರುವ ಪಟ್ಟಿ) ಕೈಯಲ್ಲಿದ್ದರೆ ಒಳ್ಳೆಯದು. ಗಂಡು–ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆಕೋಣೆ, ಆಟದ ಮೈದಾನ, ಕಾಂಪೌಂಡ್ ಎಲ್ಲವೂ ಅದರಲ್ಲಿವೆ. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ವರ್ಷಕ್ಕೆ 200 ದಿನ ಪಾಠ ಎಂದೂ ಇದೆ.

ತಪ್ಪು ಹಿಡಿಯಲು ಬಂದವರಂತೆ ಮಾತ್ರ ಹೋಗಬೇಡಿ. ಇಬ್ಬರೇ ಶಿಕ್ಷಕರು ಐದು ತರಗತಿ ಸಂಭಾಳಿಸುತ್ತ, ನಡುವೆ ಇಲಾಖೆಗೆ ಮಾಹಿತಿ ತುಂಬುತ್ತ ಇರುವ ಶಾಲೆಗಳು ಬೇಕಾದಷ್ಟಿವೆ. ಅವರ ಕಷ್ಟವನ್ನೂ ಬರೆದುಕೊಳ್ಳಿ. ಮುಂದೆ ಅವರೊಂದಿಗೇ ಕೂತು ಕೆಲಸ ಮಾಡಬೇಕಾದವರು ನೀವು.

ಮನೆ ಮನೆಗೆ ಹೋಗಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಹಲವು ಕಡೆ ಸಭೆಗೆ ಬರುವುದು ಹತ್ತು ಹದಿನೈದು ಜನ, ಅವರಲ್ಲಿ ಯಾರದೋ ಹೆಸರು ಯಾರೋ ಹೇಳಿ ಮುಗಿಯುತ್ತದೆ. ಕೂಲಿಗೆ ಹೋಗುವ ತಾಯಿಗೆ ಹಗಲು ಹನ್ನೊಂದರ ಸಭೆ ಎಂದರೆ ಒಂದು ದಿನದ ಸಂಬಳ ಹೋದಂತೆ. ಸಭೆಯನ್ನು ಸಂಜೆಗೋ ರಜಾದಿನಕ್ಕೋ ಇಟ್ಟುಕೊಳ್ಳೋಣ ಎಂದು ಮುಖ್ಯ ಶಿಕ್ಷಕರಲ್ಲಿ ಮೊದಲೇ ವಿನಂತಿಸಿ, ಕೆಲವು ಪೋಷಕರ ಸಹಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮನೆಗೆ ಹೋದಾಗ ‘ನನ್ನನ್ನು ಆರಿಸಿ’ ಎಂದು ಶುರುಮಾಡಬೇಡಿ. ‘ನಿಮ್ಮ ಮಗು ಶಾಲೆಯ ಬಗ್ಗೆ ಏನು ಹೇಳುತ್ತೆ ಅಕ್ಕಾ?’ ಎಂದು ಕೇಳಿ ಸುಮ್ಮನೆ ಕೂರಿ. ನಾನು ಚಿಲಕದ ವಿಷಯ ಎತ್ತಿದ ಮೂರನೇ ಮನೆಯಲ್ಲಿ ಒಬ್ಬ ತಾಯಿ ಒಳಗೆ ಹೋಗಿ ಮಗಳ ಬಾಟಲಿ ತಂದು ನನ್ನ ಮುಂದಿಟ್ಟರು. ಅದೂ ತುಂಬಿತ್ತು. ಅವರು ಅಲ್ಲಿಯವರೆಗೆ ಒಂದೂ ಸಭೆಗೆ ಬಂದವರಲ್ಲ, ಆ ಸಲ ಪಕ್ಕದ ಇಬ್ಬರನ್ನೂ ಕರೆದುಕೊಂಡು ಬಂದರು.

ಸಭೆಯ ದಿನ

ಎರಡು ನಿಮಿಷ ಮಾತಾಡಿದರೆ ಸಾಕು. ನೋಡಿದ್ದು ಏನು, ಮೊದಲ ಮೂರು ತಿಂಗಳಲ್ಲಿ ಯಾವ ಎರಡು ಕೆಲಸ ಕೈಗೆತ್ತಿಕೊಳ್ಳುತ್ತೀರಿ, ಅಷ್ಟೇ. ಹೊಸ ಕಟ್ಟಡ ಕಟ್ಟಿಸುತ್ತೇನೆ ಎಂಬ ಭರವಸೆ ಕೊಡಬೇಡಿ, ಅದು ಸಮಿತಿಯೊಂದರ ಕೈಯಲ್ಲಿಲ್ಲ. ಒಮ್ಮತ ಆಗದಿದ್ದರೆ ಕೈಯೆತ್ತಿಸಿಯೋ ಚೀಟಿ ಹಾಕಿಸಿಯೋ ಮತ ಪಡೆಯಲಿ ಎಂದು ಧೈರ್ಯವಾಗಿ ಕೇಳಿ. ಆಯ್ಕೆಯಾದವರ ಹೆಸರು ನಡಾವಳಿ ಪುಸ್ತಕಕ್ಕೆ ಅಲ್ಲೇ ಏರಲಿ.

ಆಯ್ಕೆಯಾದ ಮೇಲೆ

ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಹೇಗೆ ಖರ್ಚಾಗುತ್ತದೆಂದು ನೋಡುವುದು ಸಮಿತಿಯ ಕೆಲಸ. ಬಿಸಿಯೂಟದ ಗುಣಮಟ್ಟದ ಮೇಲೂ ನಿಗಾ ಇಡಬೇಕು. ಸಮಗ್ರ ಶಿಕ್ಷಾ ಎಂಬ ಕೇಂದ್ರದ ಶಾಲಾ ಶಿಕ್ಷಣ ಯೋಜನೆಯ ಚೌಕಟ್ಟಿನಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಸಂಯುಕ್ತ ಅನುದಾನ (ಶಾಲೆಯ ನಿತ್ಯದ ಖರ್ಚುಗಳಿಗೆ ಒಟ್ಟಾಗಿ ಕೊಡುವ ಹಣ) ಇದೆ, ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ. ನಿಮ್ಮ ಶಾಲೆಗೆ ನಿಜಕ್ಕೂ ಬಂದದ್ದೆಷ್ಟು ಎಂದು ಪಾಸ್‌ಬುಕ್, ಕ್ಯಾಶ್‌ಬುಕ್ ಎರಡನ್ನೂ ಇಟ್ಟುಕೊಂಡು ನೋಡಿ.

ನಡಾವಳಿ ಪುಸ್ತಕದ ಖಾಲಿ ಹಾಳೆಗೆ ಸಹಿ ಹಾಕಬೇಡಿ, ‘ಆಮೇಲೆ ಬರೆದುಕೊಳ್ತೀವಿ’ ಎಂದರೂ ಸರಿ. ಓದಲು ಬಾರದ ಸದಸ್ಯರಿದ್ದರೆ ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಪೆನ್ನು ಎತ್ತಿಕೊಳ್ಳಿ.